ರೇಚಲ್ ಲೆವಿನ್‌ಗೆ ಆ ಹುದ್ದೆ ಸಿಕ್ಕಿದ್ದು ಟ್ರಾನ್ಸ್ ಅನ್ನೋ ಕಾರಣಕ್ಕಾ?

ನೀವು ಕೇಳಿರೋದು ಮೂರು ವಿಷಯ. ಅಮೆರಿಕದ ಡಾ. ರೇಚಲ್ ಲೆವಿನ್ ಅವರಿಗೆ ಆರೋಗ್ಯ ಇಲಾಖೆಯ ದೊಡ್ಡ ಹುದ್ದೆ ಸಿಕ್ಕಿದ್ದು ಟ್ರಾನ್ಸ್ ಮಹಿಳೆ ಅನ್ನೋ ಒಂದೇ ಕಾರಣಕ್ಕಾ, ಡಾಕ್ಟರಿಗೆ ‘ಅಡ್ಮಿರಲ್’ ಪಟ್ಟ ಯಾಕೆ, ನಮ್ಮಲ್ಲಿ ಇಂಥವರು ಇದ್ದಾರಾ.

ನಾನು ಪೆನ್ಸಿಲ್ವೇನಿಯಾದ ರಾಜಧಾನಿ ಹ್ಯಾರಿಸ್‌ಬರ್ಗ್ ಹತ್ತಿರ ಫಾರ್ಮಸಿಸ್ಟ್. ಲೆವಿನ್ ವಾಷಿಂಗ್ಟನ್ನಿಗೆ ಹೋಗಿ ಟಿವಿ ಚರ್ಚೆಗಳಿಗೆ ಸರಕಾಗುವ ಎಷ್ಟೋ ಮೊದಲೇ ಅವರ ಹೆಸರನ್ನ ಔಷಧದ ಲೇಬಲ್ ಮೇಲೆ ಪ್ರಿಂಟ್ ಮಾಡಿ ಮಾಡಿ ನನಗೆ ಅಭ್ಯಾಸವಾಗಿತ್ತು. ಅದರ ಕಥೆ ಹೇಳಿದರೆ ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತೆ.

ಹೆರಾಯಿನ್, ಫೆಂಟನಿಲ್ ಥರದ ಮಾದಕಗಳು ಅತಿಯಾದಾಗ ಮನುಷ್ಯ ಸಾಯೋದು ಉಸಿರು ನಿಂತು. ನಲಾಕ್ಸೋನ್ ಅನ್ನೋ ಔಷಧ ಮೂಗಿಗೆ ಸ್ಪ್ರೇ ಮಾಡಿದರೆ ಎರಡು ಮೂರು ನಿಮಿಷದಲ್ಲಿ ಉಸಿರಾಟ ವಾಪಸ್ ಬರಬಹುದು. ಅದರ ಪರಿಣಾಮ ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಇಳಿದುಹೋಗೋದರಿಂದ ಆಂಬುಲೆನ್ಸ್ ಕರೆಯಲೇಬೇಕು, ಆದರೆ ಆಂಬುಲೆನ್ಸ್ ಬರೋ ತನಕ ಜೀವ ಇರುತ್ತಲ್ಲ! ತೊಂದರೆ ಏನಾಗಿತ್ತು ಅಂದರೆ, ಈ ಔಷಧಕ್ಕೆ ಡಾಕ್ಟರ ಚೀಟಿ ಬೇಕಿತ್ತು. ಪ್ರಜ್ಞೆ ತಪ್ಪಿ ಬಿದ್ದವನು ಚೀಟಿ ಎಲ್ಲಿಂದ ತರ್ತಾನೆ? ಅವನ ತಾಯಿ ಯಾವ ಡಾಕ್ಟರ ಹತ್ತಿರ ಹೋಗಿ, ಏನಂತ ಕೇಳಬೇಕು?

ಲೆವಿನ್ ಆಗ ರಾಜ್ಯದ ಫಿಸಿಶಿಯನ್ ಜನರಲ್, ಅಂದರೆ ಸರ್ಕಾರಕ್ಕೆ ಸಲಹೆ ಕೊಡುವ ಮುಖ್ಯ ವೈದ್ಯೆ. 2015ರ ಅಕ್ಟೋಬರ್‌ನಲ್ಲಿ ಅವರು ‘ಸ್ಟ್ಯಾಂಡಿಂಗ್ ಆರ್ಡರ್’ಗೆ ಸಹಿ ಹಾಕಿದರು. ಇಡೀ ರಾಜ್ಯಕ್ಕೆ ಬರೆದುಕೊಟ್ಟ ಒಂದೇ ಚೀಟಿ ಅಂತ ಇಟ್ಟುಕೊಳ್ಳಿ. ಅವತ್ತಿನಿಂದ ಯಾರು ಬೇಕಾದರೂ ಕೌಂಟರಿಗೆ ಬಂದು ಕೇಳಬಹುದಾಯಿತು. ಚೀಟಿ ಬರೆದ ಡಾಕ್ಟರ ಹೆಸರಿನ ಜಾಗದಲ್ಲಿ ನಾವು ‘ರೇಚಲ್ ಲೆವಿನ್’ ಅಂತ ಹಾಕ್ತಿದ್ದೆವು. ಕೇಳೋರೂ ಜೋರಾಗಿ ಕೇಳ್ತಿರಲಿಲ್ಲ. ಕೆಮ್ಮಿನ ಮಾತ್ರೆ, ಟೂತ್‌ಪೇಸ್ಟ್ ಎಲ್ಲ ಬಿಲ್ ಮಾಡಿಸಿ, ಹಿಂದಿನವರು ಹೋಗುವ ತನಕ ಪರ್ಸ್ ತಡಕಾಡ್ತಾ ನಿಂತು, ಆಮೇಲೆ "ಆ ಸ್ಪ್ರೇ ಇದೆಯಾ?" ಅಂತ ಕೇಳೋರು. ಅಗ್ಗವೇನೂ ಆಗಿರಲಿಲ್ಲ. ಇನ್ಶೂರೆನ್ಸ್ ಇಲ್ಲದವರಿಗೆ ಎರಡು ಸ್ಪ್ರೇ ಇರೋ ಡಬ್ಬಕ್ಕೆ ನೂರು ಡಾಲರ್ ದಾಟುತ್ತಿತ್ತು. ಬೆಲೆ ಕೇಳಿ ವಾಪಸ್ ಹೋದವರೂ ಇದ್ದಾರೆ. 2017ರಲ್ಲಿ ನಮ್ಮ ರಾಜ್ಯ ಒಂದರಲ್ಲೇ ಓವರ್‌ಡೋಸ್‌ಗೆ 5,400ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಅದು ಸುಮಾರು 4,400ಕ್ಕೆ ಇಳಿಯಿತು. ಎಲ್ಲ ಶ್ರೇಯ ಒಂದು ಸಹಿಗೆ ಕೊಡೋದು ಅತಿಯಾಗುತ್ತೆ, ಆದರೆ ಪಾಲಂತೂ ಇದೆ. 2023ರಲ್ಲಿ ಈ ಸ್ಪ್ರೇಯನ್ನ ಚೀಟಿಯಿಲ್ಲದೆ ಮಾರಬಹುದು ಅಂತ ಇಡೀ ದೇಶಕ್ಕೇ ಅನುಮತಿ ಸಿಕ್ಕಿತು.

ಅದಕ್ಕೂ ಹಿಂದಿನದು ಚಿಕ್ಕದಾಗಿ: 1983ರಲ್ಲಿ ಟುಲೇನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ, ನ್ಯೂಯಾರ್ಕಿನ ಮೌಂಟ್ ಸೈನಾಯ್‌ನಲ್ಲಿ ಮಕ್ಕಳ ವೈದ್ಯರಾಗಿ ತರಬೇತಿ, 1993ರಿಂದ ಹರ್ಷಿಯ ಪೆನ್ ಸ್ಟೇಟ್ ಆಸ್ಪತ್ರೆ. ಅಲ್ಲಿ ಊಟ ಬಿಟ್ಟು ಸೊರಗಿಹೋಗುವ ಹದಿಹರೆಯದವರಿಗಾಗಿ ಚಿಕಿತ್ಸಾ ವಿಭಾಗ ಕಟ್ಟಿದರು. ಹೆಣ್ಣಾಗಿ ಬದುಕಲು ಶುರು ಮಾಡಿದ್ದು 2011ರಲ್ಲಿ.

ಈಗ ಮತದ ಲೆಕ್ಕ ನೋಡಿ. ಪೆನ್ಸಿಲ್ವೇನಿಯಾದ ಸೆನೆಟ್‌ನಲ್ಲಿ ಬಹುಮತ ರಿಪಬ್ಲಿಕನ್ನರದ್ದು. ಆಗಿನ ಗವರ್ನರ್ ಟಾಮ್ ವುಲ್ಫ್ ಡೆಮಾಕ್ರಾಟ್, ಅಂದರೆ ಎದುರು ಪಕ್ಷದವರು. ಆದರೂ 2015ರಲ್ಲಿ ಫಿಸಿಶಿಯನ್ ಜನರಲ್ ಹುದ್ದೆಗೆ, 2018ರಲ್ಲಿ ರಾಜ್ಯದ ಆರೋಗ್ಯ ಕಾರ್ಯದರ್ಶಿ ಹುದ್ದೆಗೆ ಲೆವಿನ್ ಹೆಸರು ಬಂದಾಗ ಒಂದೇ ಒಂದು ವಿರೋಧ ಮತ ಬೀಳಲಿಲ್ಲ. 2021ರಲ್ಲಿ ಬೈಡನ್ ಅವರನ್ನ ಕೇಂದ್ರದ ಸಹಾಯಕ ಆರೋಗ್ಯ ಕಾರ್ಯದರ್ಶಿ ಸ್ಥಾನಕ್ಕೆ ಸೂಚಿಸಿದಾಗ ಅಮೆರಿಕದ ಸೆನೆಟ್‌ನಲ್ಲಿ ಪರವಾಗಿ 52, ವಿರುದ್ಧ 48 ಮತ. ಅದೇ ಮನುಷ್ಯೆ, ಅನುಭವ ಮಾತ್ರ ಹೆಚ್ಚು. ವಾಷಿಂಗ್ಟನ್ನಿನಲ್ಲಿ ಎಲ್ಲವೂ ಪಕ್ಷದ ಪ್ರಕಾರವೇ ನಡೆಯುತ್ತೆ, ಒಪ್ತೀನಿ. ಬೈಡನ್ ಕೂಡ ಈ ಆಯ್ಕೆ ಐತಿಹಾಸಿಕ ಅಂತ ಹೇಳಿಕೊಂಡರು. ಆದರೂ ಟ್ರಾನ್ಸ್ ಆಗಿದ್ದರಿಂದ ಅವರಿಗೆ ದಾರಿ ಸುಲಭವಾಯಿತು ಅನ್ನೋ ಮಾತು ಈ ಲೆಕ್ಕದ ಮುಂದೆ ನಿಲ್ಲಲ್ಲ.

ಟೀಕಿಸಬೇಕಾದ್ದು ಇಲ್ಲವಾ? ಇದೆ, ಖಂಡಿತ. ಕೋವಿಡ್ ಶುರುವಿನಲ್ಲಿ, ಆಸ್ಪತ್ರೆಯಿಂದ ಬಿಡುಗಡೆಯಾದ ಸೋಂಕಿತ ವೃದ್ಧರನ್ನ ನರ್ಸಿಂಗ್ ಹೋಮ್‌ಗಳು ವಾಪಸ್ ಸೇರಿಸಿಕೊಳ್ಳಬೇಕು ಅಂತ ಲೆವಿನ್ ನಡೆಸುತ್ತಿದ್ದ ರಾಜ್ಯದ ಆರೋಗ್ಯ ಇಲಾಖೆ ಸೂಚಿಸಿತು. ಮೊದಲ ಅಲೆಯಲ್ಲಿ ರಾಜ್ಯದ ಅರ್ಧಕ್ಕಿಂತ ಹೆಚ್ಚು ಸಾವು ಇಂಥ ಆರೈಕೆ ಕೇಂದ್ರಗಳಲ್ಲೇ ಆದವು. ಅದೇ ಹೊತ್ತಿಗೆ ಲೆವಿನ್ ತಮ್ಮ 95 ವರ್ಷದ ತಾಯಿಯನ್ನ ಅಂಥದ್ದೇ ಒಂದು ಕೇಂದ್ರದಿಂದ ಹೋಟೆಲಿಗೆ ಕರೆತಂದಿದ್ದು ಹೊರಬಿತ್ತು. ತಾಯಿಯೇ ಕೇಳಿದ್ದು ಅಂತ ಅವರು ಹೇಳಿದರೂ ಜನಕ್ಕೆ ಸಿಟ್ಟು ಬಂತು, ಬರೋದು ಸಹಜ. ಬೇಜಾರೇನು ಗೊತ್ತಾ, ನಿಜವಾಗಿ ಕೇಳಬೇಕಾಗಿದ್ದ ಈ ಪ್ರಶ್ನೆಗಳನ್ನ ಅವರ ಬಟ್ಟೆ, ಕೂದಲು, ದನಿಯ ಮೇಲಿನ ಗೇಲಿಯೇ ನುಂಗಿಹಾಕಿತು.

ಅಡ್ಮಿರಲ್ ವಿಷಯ ಸರಳ. 1798ರಲ್ಲಿ ಕಾಯಿಲೆ ಬಿದ್ದ ನಾವಿಕರ ಆರೈಕೆಗೆ ಅಂತ ಬಂದ ಕಾನೂನಿನಿಂದ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಬೆಳೆಯಿತು. 1889ರಲ್ಲಿ ಅದರ ವೈದ್ಯರಿಗೆ ಸಮವಸ್ತ್ರದ ಪಡೆಯೇ ಆಯಿತು, ದರ್ಜೆಗಳು ನೌಕಾಪಡೆಯವು. ಈಗ ಸಾವಿರಾರು ಅಧಿಕಾರಿಗಳಿದ್ದಾರೆ. ಬಂದೂಕು ಹಿಡಿಯೋರಲ್ಲ, ವೈದ್ಯರು, ನರ್ಸ್‌ಗಳು, ನಮ್ಮಂಥ ಫಾರ್ಮಸಿಸ್ಟ್‌ಗಳು. ಸಹಾಯಕ ಕಾರ್ಯದರ್ಶಿ ಆ ಪಡೆಗೆ ಸೇರಿದರೆ ನಾಲ್ಕು ನಕ್ಷತ್ರದ ಅಡ್ಮಿರಲ್. ಲೆವಿನ್‌ಗಿಂತ ಹಿಂದೆ ಇದ್ದ ಬ್ರೆಟ್ ಗಿರ್ವಾ ಅವರಿಗೂ ಇದೇ ದರ್ಜೆ ಇತ್ತು, ಆಗ ಯಾರೂ ಹುಬ್ಬೇರಿಸಲಿಲ್ಲ. ಲೆವಿನ್ ಅಡ್ಮಿರಲ್ ಆಗಿ ಪ್ರಮಾಣವಚನ ತೆಗೆದುಕೊಂಡಿದ್ದು 2021ರ ಅಕ್ಟೋಬರ್ 19ಕ್ಕೆ, ಅಧಿಕಾರ ಬಿಟ್ಟಿದ್ದು 2025ರ ಜನವರಿಯಲ್ಲಿ.

ನಮ್ಮ ಭಾರತದಲ್ಲೂ ಟ್ರಾನ್ಸ್ ವೈದ್ಯರಿದ್ದಾರೆ. ದೆಹಲಿಯ ಹಮ್‌ದರ್ದ್ ವೈದ್ಯಕೀಯ ಕಾಲೇಜಿನಲ್ಲಿ ಸಮುದಾಯ ವೈದ್ಯಶಾಸ್ತ್ರ ಕಲಿಸುವ ಡಾ. ಅಕ್ಸಾ ಶೇಖ್ 2021ರಲ್ಲಿ ಕೋವಿಡ್ ಲಸಿಕಾ ಕೇಂದ್ರದ ಹೊಣೆ ಹೊತ್ತಿದ್ದರು. 2022ರಲ್ಲಿ ಡಾ. ಪ್ರಾಚಿ ರಾಥೋಡ್, ಡಾ. ರುತ್ ಜಾನ್ ಪಾಲ್ ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಗೆ ಸೇರಿದರು. ಮಣಿಪಾಲದಲ್ಲಿ ಓದಿದ ಡಾ. ತ್ರಿನೇತ್ರ ಹಲ್ದಾರ್ ಗುಮ್ಮರಾಜು ಅವರನ್ನ ‘ಮೇಡ್ ಇನ್ ಹೆವನ್’ ವೆಬ್ ಸರಣಿಯಲ್ಲಿ ನೀವೂ ನೋಡಿರಬಹುದು. ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ 1% ಮೀಸಲಾತಿ ತಂದಿದೆ. ಆದರೆ ಒಂದು ವ್ಯತ್ಯಾಸ ಮರೀಬೇಡಿ: ಲೆವಿನ್ ತಮ್ಮ ಗುರುತು ಹೇಳಿಕೊಂಡಿದ್ದು 50 ದಾಟಿ, ಡಿಗ್ರಿ, ಹುದ್ದೆ, ಹೆಸರು ಎಲ್ಲ ಕೈಯಲ್ಲಿದ್ದಾಗ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಮನೆ ಬಿಡೋ ಪರಿಸ್ಥಿತಿ ಹೈಸ್ಕೂಲಿನಲ್ಲೇ ಬರುತ್ತೆ. ಆ ಮೀಸಲಾತಿಯಲ್ಲಿ ವೈದ್ಯರ ಹುದ್ದೆಗೆ ಅರ್ಜಿ ಹಾಕೋಕೆ ಮೊದಲು ಎಂಬಿಬಿಎಸ್ ಮುಗಿಸಿರಬೇಕಲ್ಲ.