ಕರೆಂಟು ಹೋಗಿ ಬಂದರೆ ಪ್ರಿಂಟರ್ ಸಿಗುವುದಿಲ್ಲ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಕಾಫಿ, ಮೆಣಸು ಖರೀದಿ ಅಂಗಡಿ. ತೂಕದ ಚೀಟಿ ಮೂರು ಪ್ರತಿ ಬೇಕು, ಹಾಗಾಗಿ ಎಪ್ಸನ್ ಎಲ್‌ಎಕ್ಸ್-300 ಪ್ಲಸ್ ಡಾಟ್ ಮ್ಯಾಟ್ರಿಕ್ಸ್ ಇಟ್ಟುಕೊಂಡಿದ್ದೇವೆ. ಕಂಪ್ಯೂಟರ್ ಪೆಂಟಿಯಂ 4, ವಿಂಡೋಸ್ ಎಕ್ಸ್‌ಪಿ. ರಾತ್ರಿಯೆಲ್ಲ ಕರೆಂಟು ಹೋದರೆ ಬೆಳಿಗ್ಗೆ ಪ್ರಿಂಟ್ ಬರುವುದಿಲ್ಲ. ಡ್ರೈವರ್ ಮೂರು ಸಲ ಹಾಕಿಸಿದ್ದಾಯಿತು. ರಿಪೇರಿಯವರು ಬಂದು ಹೋದ ಮೇಲೆ ಸರಿ ಇರುತ್ತದೆ, ಮತ್ತೆ ಅದೇ ಕಥೆ. ಗಡಿಯಾರವೂ ಹಿಂದೆ ಹೋಗುತ್ತದೆ. ಪ್ರಿಂಟರ್ ಬದಲಾಯಿಸಬೇಕೆ?

ಉತ್ತರ: ಬೇಡ. ಗಡಿಯಾರ ಹಿಂದೆ ಹೋಗುತ್ತದೆ ಎಂದಿರಲ್ಲ, ತಪ್ಪು ಅಲ್ಲೇ ಇದೆ. ಮದರ್‌ಬೋರ್ಡಿನ ಮೇಲೆ ಬಿಲ್ಲೆಯಂಥ ಬ್ಯಾಟರಿ ಇರುತ್ತದೆ: ಸಿಆರ್2032, ಅಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, 3 ವೋಲ್ಟ್. ಕರೆಂಟು ಇಲ್ಲದಾಗ ಸಮಯವನ್ನೂ ಬಯಾಸ್ (ವಿಂಡೋಸಿಗೂ ಮೊದಲು ಎದ್ದು ಯಂತ್ರವನ್ನು ಸಜ್ಜು ಮಾಡುವ, ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಸೆಟ್ಟಿಂಗ್‌ಗಳನ್ನೂ ಕಾಪಾಡುವುದು ಇದೇ. ಇದು ಸೋತರೆ ಬಯಾಸ್ ತನ್ನ ಮೂಲ ಸೆಟ್ಟಿಂಗಿಗೆ ಮರಳುತ್ತದೆ. ಕೆಲವು ಬೋರ್ಡುಗಳ ಮೂಲ ಸೆಟ್ಟಿಂಗಿನಲ್ಲಿ ಪ್ಯಾರಲಲ್ ಪೋರ್ಟ್ (ಪ್ರಿಂಟರ್ ಕೇಬಲ್ ಸಿಕ್ಕಿಸುವ 25 ತೂತಿನ ಜಾಗ) ಬಂದ್ ಆಗಿರುತ್ತದೆ, ಇನ್ನು ಕೆಲವದರಲ್ಲಿ ಅದರ ವಿಳಾಸ (ಕಂಪ್ಯೂಟರ್ ಪೋರ್ಟನ್ನು ಗುರುತಿಸುವ ಸಂಖ್ಯೆ) ಬೇರೆ ಇರುತ್ತದೆ. ಪೋರ್ಟೇ ಇಲ್ಲದ ಮೇಲೆ ಡ್ರೈವರ್ ಎಷ್ಟು ಸಲ ಹಾಕಿದರೇನು?

ಮೊದಲು ಪ್ರಿಂಟರ್ ಮೇಲಿನ ಅನುಮಾನ ಕಳೆದುಕೊಳ್ಳಿ. ಕಾಗದ ಹಾಕಿ, ಎಲ್‌ಎಫ್/ಎಫ್‌ಎಫ್ ಗುಂಡಿ ಒತ್ತಿಕೊಂಡೇ ಸ್ವಿಚ್ ಹಾಕಿ. ಅಕ್ಷರಗಳ ಸಾಲು ತಾನಾಗಿ ಮೂಡಿದರೆ ಹೆಡ್ಡು, ರಿಬ್ಬನ್ನು ಸರಿಯಿವೆ. ಆಮೇಲೆ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಡಿಐಆರ್ > ಎಲ್‌ಪಿಟಿ1’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಎಲ್‌ಪಿಟಿ1 ಎಂದರೆ ಮೊದಲ ಪ್ಯಾರಲಲ್ ಪೋರ್ಟಿನ ಹೆಸರು; ಇದು ಪ್ರಿಂಟರ್ ಡ್ರೈವರನ್ನು ಬಳಸದೆ ನೇರ ಪೋರ್ಟಿಗೆ ಹೋಗುತ್ತದೆ. ಫೈಲುಗಳ ಪಟ್ಟಿ ಪ್ರಿಂಟ್ ಆದರೆ ತಪ್ಪು ವಿಂಡೋಸಿನ ಕಡೆ. ಪಟ್ಟಿ ಬರದಿದ್ದರೆ ಪೋರ್ಟ್ ಅಥವಾ ಕೇಬಲ್.

ಬ್ಯಾಟರಿ ತೆಗೆಯುವ ಮೊದಲು, ಈಗ ಎಲ್ಲ ಸರಿಯಿರುವ ದಿನವೇ, ಬಯಾಸಿನ (ಒಳಹೋಗುವ ದಾರಿ ಮುಂದೆ ಹೇಳಿದೆ) ಪ್ರತಿಯೊಂದು ಪರದೆಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಇದನ್ನು ಮರೆಯುವವರೇ ಹೆಚ್ಚು. ಹಾರ್ಡ್ ಡಿಸ್ಕಿನ ಸಾಟಾ ಮೋಡ್ (ಬೋರ್ಡು ಡಿಸ್ಕಿನೊಡನೆ ಮಾತಾಡುವ ರೀತಿ) ಬದಲಾಗಿಬಿಟ್ಟರೆ ಎಕ್ಸ್‌ಪಿ ನೀಲಿ ಪರದೆ ತೋರಿಸಿ ನಿಲ್ಲುತ್ತದೆ, ಆಗ ಪ್ರಿಂಟರಿನ ಚಿಂತೆ ಹೋಗಿ ಕಂಪ್ಯೂಟರಿನ ಚಿಂತೆ ಹತ್ತಿಕೊಳ್ಳುತ್ತದೆ.

ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಪಕ್ಕದ ಕ್ಲಿಪ್ಪನ್ನು ಉಗುರಿನಿಂದ ಸರಿಸಿದರೆ ಬಿಲ್ಲೆ ಮೇಲಕ್ಕೆ ಚಿಮ್ಮುತ್ತದೆ. ಹೊಸದನ್ನು, ಅಡ್ಡ ಮಲಗುವ ಹೋಲ್ಡರ್ ಆದರೆ, ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ. ನಂತರ ಕಂಪ್ಯೂಟರ್ ಹಾಕಿದ ತಕ್ಷಣ ಡಿಲೀಟ್ ಕೀ (ಕೆಲವು ಕಂಪನಿಗಳಲ್ಲಿ ಎಫ್2 ಅಥವಾ ಎಫ್10) ಒತ್ತುತ್ತಾ ಬಯಾಸಿಗೆ ಹೋಗಿ. ‘ಇಂಟಿಗ್ರೇಟೆಡ್ ಪೆರಿಫೆರಲ್ಸ್’ ಎಂಬಲ್ಲಿ ‘ಆನ್‌ಬೋರ್ಡ್ ಪ್ಯಾರಲಲ್ ಪೋರ್ಟ್’ ಸಿಗುತ್ತದೆ. ಅದನ್ನು 378/ಐಆರ್‌ಕ್ಯೂ7 ಮಾಡಿ. ಅದರ ಕೆಳಗೆ ಪೋರ್ಟ್ ಕೆಲಸ ಮಾಡುವ ರೀತಿ, ಅಂದರೆ ಮೋಡ್ ಕೇಳುತ್ತದೆ: ಎಸ್‌ಪಿಪಿ, ಇಪಿಪಿ, ಇಸಿಪಿ. ಇಸಿಪಿಗೆ ಡಿಎಂಎ ಚಾನೆಲ್ (ಪ್ರೊಸೆಸರಿನ ಮೂಲಕ ಹೋಗದೆ ನೇರ ಮೆಮೊರಿಯಿಂದ ಮಾಹಿತಿ ಸಾಗಿಸುವ ದಾರಿ) ಬೇರೆ ಬೇಕು, ಸಾಮಾನ್ಯವಾಗಿ 3. ಹಳೆ ಸೌಂಡ್ ಕಾರ್ಡ್ ಅದೇ ಚಾನೆಲ್ ಹಿಡಿದಿದ್ದರೆ ಜಗಳ. ಡಾಟ್ ಮ್ಯಾಟ್ರಿಕ್ಸಿಗೆ ಅಷ್ಟು ವೇಗದ ಅಗತ್ಯವೇ ಇಲ್ಲ. ಎಸ್‌ಪಿಪಿ (ಕೆಲವೆಡೆ ‘ನಾರ್ಮಲ್’) ಇಟ್ಟು, ತಾರೀಖು ಸರಿಪಡಿಸಿ, ಎಫ್10 ಒತ್ತಿ ಉಳಿಸಿ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ‘ಪ್ರಿಂಟರ್ ಪೋರ್ಟ್ (ಎಲ್‌ಪಿಟಿ1)’ ಕಾಣಬೇಕು, ಅದರ ರಿಸೋರ್ಸಸ್ ಪುಟದಲ್ಲಿ ವಿಳಾಸ 0378ರಿಂದ ಶುರುವಾಗಬೇಕು.

ಇಷ್ಟಾದರೂ ಕಾಗದ ಇದ್ದೂ ‘ಕಾಗದ ಇಲ್ಲ’ ಎಂದರೆ ಕೇಬಲ್ ನೋಡಿ. 25 ಪಿನ್ನಿನ ಕಡೆ 12ನೇ ಪಿನ್ ಕಾಗದ ಮುಗಿದ ಸೂಚನೆ ತರುವ ತಂತಿ. ಅದು ಕಡಿದರೆ ಕಂಪ್ಯೂಟರಿಗೆ ಕಾಗದ ಖಾಲಿ ಎಂದೇ ಅರ್ಥವಾಗಬಹುದು. ಮಲೆನಾಡಿನ ಥಂಡಿಗೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬ್ರಷ್‌ನಿಂದ ಉಜ್ಜಿ, ಒಣಗಿದ ಮೇಲೆ ಹಾಕಿ. ಪ್ಯಾರಲಲ್ ಕೇಬಲ್ಲನ್ನು ಎರಡೂ ಕಡೆ ಸ್ವಿಚ್ ಆರಿಸದೆ ಕೀಳಬಾರದು, ಸಿಕ್ಕಿಸಲೂಬಾರದು, ಪೋರ್ಟಿನ ಚಿಪ್ ಸುಡಬಹುದು. ಕಂಪ್ಯೂಟರ್ ಒಂದು ಗೋಡೆಯ ಸಾಕೆಟ್, ಪ್ರಿಂಟರ್ ಇನ್ನೊಂದು ಗೋಡೆಯದು, ಅದರಲ್ಲೊಂದಕ್ಕೆ ಅರ್ಥಿಂಗ್ ಇಲ್ಲ ಎಂದರೂ ಇದೇ ಅಪಾಯ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿ. ಗುಡುಗು ಶುರುವಾದರೆ ಪ್ಲಗ್ಗೇ ಕಿತ್ತಿಡಿ.

ಪ್ರಶ್ನೆ: ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ಪ್ಯಾರಲಲ್ ಪೋರ್ಟ್ ಸುಟ್ಟುಹೋಗಿದ್ದಕ್ಕೆ ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ತಂದೆವು. ನೋಟ್‌ಪ್ಯಾಡಿನಿಂದ ಪ್ರಿಂಟ್ ಬರುತ್ತದೆ, ಡಾಸ್ (ವಿಂಡೋಸಿಗೂ ಹಿಂದಿನ ವ್ಯವಸ್ಥೆ) ಕಾಲದ ಬಿಲ್ಲಿಂಗ್ ಪ್ರೋಗ್ರಾಮಿನಿಂದ ಬರುವುದಿಲ್ಲ.

ಉತ್ತರ: ಆ ಕೇಬಲ್ ಹುಟ್ಟಿಸುವುದು ‘ಯುಎಸ್‌ಬಿ001’ ಎಂಬ ಪೋರ್ಟನ್ನು. ಡಾಸ್ ಪ್ರೋಗ್ರಾಮಿಗೆ ಗೊತ್ತಿರುವುದು ಎಲ್‌ಪಿಟಿ1 ಮಾತ್ರ. ಮಧ್ಯೆ ಸೇತುವೆ ನೀವೇ ಕಟ್ಟಬೇಕು. ಸುಟ್ಟ ಪೋರ್ಟನ್ನು ಬಯಾಸಿನಲ್ಲೇ ಬಂದ್ ಮಾಡಿ. ಪ್ರಿಂಟರನ್ನು ‘ಬಿಲ್’ನಂಥ ಚಿಕ್ಕ ಹೆಸರಿನಲ್ಲಿ ಶೇರ್ ಮಾಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ‘ನೆಟ್ ಯೂಸ್ ಎಲ್‌ಪಿಟಿ1: \\ಕಂಪ್ಯೂಟರ್‌ಹೆಸರು\ಬಿಲ್ /ಪರ್ಸಿಸ್ಟೆಂಟ್:ಯೆಸ್’ ಎಂದು ಕೊಡಿ. ಕೊನೆಯ ಭಾಗ ಬಿಟ್ಟರೆ ರೀಸ್ಟಾರ್ಟ್ ಆದಾಗ ಜೋಡಣೆ ಕಳಚಿಕೊಳ್ಳಬಹುದು. ಯಾವ ನೆಟ್‌ವರ್ಕಿಗೂ ಸೇರಿಸದ ಒಂಟಿ ಕಂಪ್ಯೂಟರಿನಲ್ಲಿ ಈ ಆಜ್ಞೆ ಎರರ್ ಕೊಡುತ್ತದೆ. ಹಾಗಾದರೆ ‘ಆ್ಯಡ್ ಹಾರ್ಡ್‌ವೇರ್’ ಮೂಲಕ ಮೈಕ್ರೊಸಾಫ್ಟ್ ಲೂಪ್‌ಬ್ಯಾಕ್ ಅಡಾಪ್ಟರ್ (ನೆಟ್‌ವರ್ಕ್ ಕಾರ್ಡ್ ಇದೆಯೆಂದು ತೋರಿಸುವ ಸಾಫ್ಟ್‌ವೇರ್) ಹಾಕಿ ಮತ್ತೆ ಪ್ರಯತ್ನಿಸಿ.

ಮದರ್‌ಬೋರ್ಡಿನ ಸ್ಲಾಟಿಗೆ ಸಿಕ್ಕಿಸುವ ಪಿಸಿಐ ಪ್ಯಾರಲಲ್ ಕಾರ್ಡ್ ಹಾಕಿಸುವುದು ಇನ್ನೂ ವಾಸಿ. ಅದು ಎಲ್‌ಪಿಟಿ3 ಎಂದು ಕೂತುಕೊಂಡರೆ ಡಿವೈಸ್ ಮ್ಯಾನೇಜರಿನ ‘ಪೋರ್ಟ್ ಸೆಟ್ಟಿಂಗ್ಸ್’ನಲ್ಲಿ ಎಲ್‌ಪಿಟಿ1 ಮಾಡಿ. ಆದರೆ ಕಾರ್ಡಿನ ವಿಳಾಸ 378 ಆಗಿರುವುದಿಲ್ಲ. ವಿಂಡೋಸ್ ಒಳಗೆ ಡಾಸ್ ಓಡಿಸುವವರಿಗೆ ತೊಂದರೆಯಿಲ್ಲ, ಬರೀ ಡಾಸ್‌ನಲ್ಲೇ ಬೂಟ್ ಮಾಡುವವರಿಗೆ ಇದು ಸಾಮಾನ್ಯವಾಗಿ ಕೂಡಿಬರುವುದಿಲ್ಲ. ಹೊಸ ಕಂಪ್ಯೂಟರ್ ಕೊಳ್ಳುವ ಯೋಚನೆ ಇದ್ದರೆ ನೆನಪಿರಲಿ, 64 ಬಿಟ್ ವಿಂಡೋಸಿನಲ್ಲಿ ಡಾಸ್ ಪ್ರೋಗ್ರಾಂ ನೇರವಾಗಿ ಓಡುವುದೇ ಇಲ್ಲ.

ಪ್ರಶ್ನೆ: ಹಾಸನದಲ್ಲಿ ಜೆರಾಕ್ಸ್ ಅಂಗಡಿ. ಯುಎಸ್‌ಬಿ ಲೇಸರ್ ಪ್ರಿಂಟರ್ ಕೆಲವೊಮ್ಮೆ ‘ಆಫ್‌ಲೈನ್’ ತೋರಿಸುತ್ತದೆ, ಪಟ್ಟಿಯಲ್ಲಿ ‘ಕಾಪಿ 1’ ಎಂದು ಎರಡನೇ ಪ್ರಿಂಟರ್ ಬಂದಿದೆ.

ಉತ್ತರ: ಕೇಬಲ್ಲನ್ನು ಬೇರೆ ಯುಎಸ್‌ಬಿ ತೂತಿಗೆ ಹಾಕಿದ್ದೀರಿ. ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಎಂದುಕೊಂಡಿದೆ. ಕ್ಯಾಬಿನೆಟ್ಟಿನ ಹಿಂದೆ, ಮದರ್‌ಬೋರ್ಡಿನದೇ ಒಂದು ಪೋರ್ಟ್ ಆರಿಸಿ ಅಲ್ಲೇ ಬಿಡಿ, ಮುಂದಿನವು ತೆಳು ತಂತಿಯಲ್ಲಿ ಬರುವಂಥವು. ಕೇಬಲ್ 5 ಮೀಟರ್ ಮೀರದಿರಲಿ. ಮೂಲ ಪ್ರಿಂಟರಿನ ಪ್ರಾಪರ್ಟೀಸಿನ ‘ಪೋರ್ಟ್ಸ್’ ಪುಟದಲ್ಲಿ ಈಗಿನ ಯುಎಸ್‌ಬಿ ಪೋರ್ಟಿಗೆ ಟಿಕ್ ಹಾಕಿ, ‘ಕಾಪಿ 1’ ಅಳಿಸಿ. ಲೇಸರನ್ನು ಕಂಪ್ಯೂಟರಿನ ಚಿಕ್ಕ ಯುಪಿಎಸ್‌ಗೆ ಹಾಕಿದ್ದರೆ ಅದನ್ನೂ ತೆಗೆಯಿರಿ. ಕಾಗದ ಕಾಯಿಸುವ ಫ್ಯೂಸರ್ ಒಮ್ಮೆಲೆ ಎಳೆಯುವ ಕರೆಂಟಿಗೆ ಆ ಯುಪಿಎಸ್ ಕೂಗಿ ಕೈಬಿಡುತ್ತದೆ, ಕಂಪ್ಯೂಟರೂ ಜೊತೆಗೇ ಆರುತ್ತದೆ.