‘ನೈತಿಕ’ಕ್ಕೆ ವಿರುದ್ಧ ಪದ ‘ಅನೈತಿಕ’ ಒಂದೇನಾ?

‘ನೈತಿಕ’ಕ್ಕೆ ವಿರುದ್ಧವಾಗಿ ‘ಅನೈತಿಕ’ ಬಿಟ್ಟರೆ ಬೇರೆ ಪದಗಳಿವೆಯೇ, ಯಾವುದನ್ನು ಎಲ್ಲಿ ಬಳಸಬೇಕು ಎಂದು ಕೇಳಿದ್ದೀರಿ. ಪರೀಕ್ಷೆಯ ಒಂದು ಅಂಕಕ್ಕಾದರೆ ‘ಅನೈತಿಕ’ ಬರೆದು ಮುಂದಿನ ಪ್ರಶ್ನೆಗೆ ಹೋಗಿ. ಬಿಡಿಸಿ ಬರೆಯಲು ಹೇಳಿದರೆ ಅ + ನೈತಿಕ; ‘ಅನ್’ ಬರುವುದು ಮುಂದೆ ಸ್ವರವಿದ್ದಾಗ ಮಾತ್ರ, ಅನ್ + ಉಚಿತ = ಅನುಚಿತ ಎಂಬಂತೆ.

ಬರವಣಿಗೆಗೆ ಬೇಕಿದ್ದರೆ, ಮಾತು ಕೆಲಸದ ಬಗ್ಗೆಯೋ ಮನುಷ್ಯನ ಬಗ್ಗೆಯೋ ನೋಡಿಕೊಳ್ಳಿ. ‘ಅನೈತಿಕ ವಹಿವಾಟು’ ಸಲೀಸಾಗಿ ಒಪ್ಪುತ್ತದೆ. ‘ಆತ ಅನೈತಿಕ ವ್ಯಕ್ತಿ’ ಅಂದರೆ ಅನುವಾದದ ವಾಸನೆ ಹೊಡೆಯುತ್ತದೆ; ‘ನೀತಿಗೆಟ್ಟವನು’ ಅನ್ನಿ, ಸಾಕು. ಇನ್ನೊಂದು ತೊಡಕಿದೆ. ಪತ್ರಿಕೆಗಳು ‘ಅನೈತಿಕ ಸಂಬಂಧ’ ಎಂದು ಬರೆದೂ ಬರೆದೂ ಈ ಪದ ಹಾದರದ ಸುತ್ತಲೇ ಗಿರಕಿ ಹೊಡೆಯುತ್ತಿದೆ. ‘ಅಧಿಕಾರಿಯ ಅನೈತಿಕ ನಡವಳಿಕೆ’ ಅಂದರೆ ಲಂಚ ಎಂದು ಯಾರಿಗೂ ಹೊಳೆಯುವುದಿಲ್ಲ. ಅಲ್ಲಿ ‘ಭ್ರಷ್ಟ’ ಬೇಕು. ಅದರ ಮೂಲಾರ್ಥ ‘ಜಾರಿ ಬಿದ್ದ’. ‘ಪದಭ್ರಷ್ಟ’ದಲ್ಲಿ ಆ ಅರ್ಥ ಇನ್ನೂ ಉಳಿದಿದೆ.

ನನಗೆ ಇಷ್ಟವಾದದ್ದು ‘ಗೆಟ್ಟ’ದ ಸಂಸಾರ. ನೀತಿ + ಕೆಟ್ಟ = ನೀತಿಗೆಟ್ಟ, ಆದೇಶ ಸಂಧಿ, ಕಕಾರ ಗಕಾರವಾಗಿದೆ. ಹಾಲು ಕೆಟ್ಟಿದೆ ಅನ್ನುತ್ತೇವಲ್ಲ, ಅದೇ ‘ಕೆಟ್ಟ’. ಹಾಗಾಗಿ ಮೊದಲು ಇದ್ದದ್ದು ಹಾಳಾಯಿತು ಎಂಬ ಧ್ವನಿ ಈ ಪದದೊಳಗೇ ಇದೆ, ‘ಅನೈತಿಕ’ದಲ್ಲಿ ಅದಿಲ್ಲ. ‘ನಾಚಿಕೆಗೆಟ್ಟ’ ಬೇರೆ: ತಪ್ಪು ಮಾಡಿ ಸಿಕ್ಕಿಬಿದ್ದರೂ ತಲೆ ತಗ್ಗಿಸದವನಿಗೆ. ‘ನಡತೆಗೆಟ್ಟ’ ಬಳಸುವಾಗ ಹುಷಾರು. ‘ನಡತೆಗೆಟ್ಟವನು’ ಅಂದರೆ ಕುಡುಕನೂ ಆಗಬಹುದು, ಜೂಜುಕೋರನೂ ಆಗಬಹುದು. ‘ನಡತೆಗೆಟ್ಟವಳು’ ಅಂದರೆ ಜನ ಒಂದೇ ಅರ್ಥ ಹಚ್ಚುತ್ತಾರೆ. ಅನ್ಯಾಯ ನಿಜ, ಆದರೆ ಬರೆಯುವವರು ಅದನ್ನು ಮರೆಯುವಂತಿಲ್ಲ.

‘ಕಾನೂನುಬಾಹಿರ’ವನ್ನು ಇದರ ಜೊತೆ ಕಲಸಬೇಡಿ. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುವುದು ಕಾನೂನುಬಾಹಿರ, ಅದನ್ನು ಯಾರೂ ಅನೈತಿಕ ಅನ್ನುವುದಿಲ್ಲ. ವ್ಯಭಿಚಾರದ ಕಥೆ ಉಲ್ಟಾ: 2018ರಲ್ಲಿ ಸುಪ್ರೀಂ ಕೋರ್ಟ್ ದಂಡ ಸಂಹಿತೆಯ 497ನೇ ಕಲಮನ್ನು ರದ್ದುಪಡಿಸಿದ ಮೇಲೆ ಅದು ಅಪರಾಧವಲ್ಲ, ಅನೈತಿಕ ಅನ್ನುವವರು ಮಾತ್ರ ಅನ್ನುತ್ತಲೇ ಇದ್ದಾರೆ. ‘ಅಧರ್ಮ’ದ ಹರವು ದೊಡ್ಡದು, ತನ್ನ ಪಾಲಿನ ಕರ್ತವ್ಯ ಬಿಟ್ಟರೂ ಅಧರ್ಮವೇ. ಪುರಾಣ, ಭಾಷಣಗಳಿಗೆ ಸರಿ, ವರದಿಗೆ ಭಾರವಾಗುತ್ತದೆ.

ನೀತಿಯ ಪ್ರಶ್ನೆಯೇ ಏಳದ ಕಡೆ ಇವು ಯಾವುದೂ ಸಲ್ಲದು. ಜಿಂಕೆ ಹಿಡಿದ ಹುಲಿ ಅನೈತಿಕವಲ್ಲ, ನೀತಿಗೆಟ್ಟದ್ದೂ ಅಲ್ಲ. ಅದಕ್ಕೆ ‘ನೀತಿನಿರಪೇಕ್ಷ’ ಅನ್ನಬಹುದು. ತೀರಾ ಪುಸ್ತಕದ ಪದ ಅನಿಸಿದರೆ ‘ನೀತಿ-ಅನೀತಿಯ ಗೊಡವೆ ಇಲ್ಲದ್ದು’ ಎಂದು ಬಿಡಿಸಿ ಬರೆಯಿರಿ. ಅಂದಹಾಗೆ ನಾಮಪದ ಬೇಕಾದಾಗ ‘ಅನೈತಿಕತೆ’ ಎಂದು ಎಳೆಯಬೇಕಿಲ್ಲ, ‘ಅನೀತಿ’ ಮೊದಲಿನಿಂದಲೂ ಇದೆ.