ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಯೆ?

ಪ್ರಶ್ನೆ: ನನಗೆ 46 ವರ್ಷ, ಶುಗರ್ ಇದೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತದೆ, ಕೆಳಗಿನ ಮುಂಭಾಗದ ಒಂದು ಹಲ್ಲು ಅಲ್ಲಾಡುತ್ತದೆ. ಡಾಕ್ಟರು ಕ್ಲೀನಿಂಗ್ ಆಗಲೇಬೇಕು ಎನ್ನುತ್ತಾರೆ. ಆದರೆ ಕ್ಲೀನಿಂಗ್ ಮಾಡಿಸಿದ ಮೇಲೆ ನಮ್ಮ ಭಾವನವರ ಹಲ್ಲು ಇನ್ನಷ್ಟು ಸಡಿಲವಾದವು. ಉಪ್ಪುನೀರು ಮುಕ್ಕಳಿಸಿದರೆ ಸಾಲದೆ?
– ಓದುಗರು, ಮದ್ದೂರು

ಉತ್ತರ: ಸಾಲದು. ಉಪ್ಪುನೀರಿಗೆ ನೋವು ತುಸು ಇಳಿಯಬಹುದು, ಹಲ್ಲಿನ ಮೇಲೆ ಕಲ್ಲಿನಂತೆ ಕೂತ ಗಾರೆ (ಗಟ್ಟಿಯಾದ ಕೊಳೆ) ಕರಗುವುದಿಲ್ಲ. ನಿಮ್ಮ ಭಾವನವರಿಗೆ ಹಲ್ಲು ಹಿಡಿದಿಡುವ ಮೂಳೆ ಮೊದಲೇ ಸವೆದಿರಬೇಕು. ಹಲ್ಲುಗಳನ್ನು ಒಂದಕ್ಕೊಂದು ಕಚ್ಚಿಸಿಟ್ಟಿದ್ದದ್ದು ಗಾರೆ. ಅದು ಹೋದಾಗ ಇದ್ದ ಸಡಿಲ ಕಂಡಿತು. ಊತ ಇಳಿದು ಹಲ್ಲಿನ ಸಂದು ಕಾಣುವುದು, ಕೆಲವು ದಿನ ತಣ್ಣೀರಿಗೆ ಜುಮ್ಮೆನ್ನುವುದು ಸಾಮಾನ್ಯ.

ನೀವು ಡಾಕ್ಟರನ್ನು ಕೇಳಬೇಕಾದದ್ದು ಅಳತೆ. ಮಿಲಿಮೀಟರ್ ಗುರುತಿರುವ ತೆಳು ಕಡ್ಡಿಯನ್ನು ಹಲ್ಲು, ವಸಡಿನ ನಡುವೆ ಇಳಿಸಿ, ಒಂದೊಂದು ಹಲ್ಲಿಗೂ ಆರು ಕಡೆ ಆಳ ನೋಡುತ್ತಾರೆ. 1ರಿಂದ 3 ಮಿ.ಮೀ. ಇದ್ದರೆ ಸರಿ. 4ರ ಮೇಲಿದ್ದು, ಎಕ್ಸ್‌ರೇಯಲ್ಲಿ ಮೂಳೆಯೂ ತಗ್ಗಿದ್ದರೆ ಅದು ಬರೀ ವಸಡಿನ ಊತವಲ್ಲ. ಊತ ಪೂರ್ತಿ ವಾಸಿಯಾಗುತ್ತದೆ; ಹೋದ ಮೂಳೆ ತಾನಾಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು.

ಆಗ ಮೇಲಿನ ಗಾರೆ ತೆಗೆದರಷ್ಟೇ ಸಾಲದು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಸಡಿನೊಳಗೆ ಬೇರಿಗೆ ಅಂಟಿದ್ದನ್ನೂ ಕೆರೆದು ತೆಗೆಯುತ್ತಾರೆ. ಇದು ಎರಡು ಮೂರು ಸಿಟಿಂಗ್ ಹಿಡಿಯಬಹುದು. ಆರೆಂಟು ವಾರ ಬಿಟ್ಟು ಮತ್ತೆ ಅಳತೆ. ಆಗಲೂ 6 ಮಿ.ಮೀ. ಆಳ ಉಳಿದಿದ್ದರೆ ವಸಡು ಬಿಡಿಸಿ ಸ್ವಚ್ಛ ಮಾಡುವ ಫ್ಲಾಪ್ ಸರ್ಜರಿಯ ಮಾತು. ಅಳತೆಯನ್ನೇ ತೆಗೆಯದೆ ಸರ್ಜರಿ ಎಂದರೆ ಇನ್ನೊಬ್ಬರಿಗೆ ತೋರಿಸಿ. ಮೈಸೂರಿನ ಜೆಎಸ್‌ಎಸ್ ದಂತ ಕಾಲೇಜಿನಲ್ಲಿ ವಸಡಿಗೇ ಪ್ರತ್ಯೇಕ ವಿಭಾಗವಿದೆ.

ಹೋಗುವಾಗ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್) ರಿಪೋರ್ಟು, ಮಾತ್ರೆ ಚೀಟಿ ಒಯ್ಯಿರಿ. ತಿಂಡಿಯನ್ನಾಗಲಿ ಶುಗರ್ ಮಾತ್ರೆಯನ್ನಾಗಲಿ ಬಿಡಬೇಡಿ. ಶುಗರ್ ಏರಿದ್ದರೆ ವಸಡು ಮಾಯುವುದು ನಿಧಾನ. ಕಡ್ಡಿಪುಡಿ ಅಭ್ಯಾಸವಿದ್ದರೆ ನಿಲ್ಲಿಸಿ, ಅದನ್ನಿಟ್ಟುಕೊಳ್ಳುವ ಜಾಗದಲ್ಲೇ ವಸಡು ಸರಿದು ಬೇರು ಹೊರಬೀಳುತ್ತದೆ. ರಕ್ತ ಬರುವ ಜಾಗವನ್ನು ಬಿಟ್ಟು ಉಜ್ಜುವವರೇ ಹೆಚ್ಚು. ಮೆತ್ತನೆ ಬ್ರಷ್ ಅನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಅಲ್ಲೇ ಉಜ್ಜಬೇಕು. ಚಿಕಿತ್ಸೆ ಮುಗಿದ ಮೇಲೂ ಮೂರು ತಿಂಗಳಿಗೊಮ್ಮೆ ತೋರಿಸಿ.

ಪ್ರಶ್ನೆ: ವಸಡಿಗೆಂದು ಬರೆದುಕೊಟ್ಟ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಷ್ ಬಳಸುತ್ತಲೇ ಇದ್ದೇನೆ. ಹಲ್ಲೆಲ್ಲ ಕಂದು ಬಣ್ಣಕ್ಕೆ ತಿರುಗಿದೆ.
– ಓದುಗರು, ಮೈಸೂರು

ಉತ್ತರ: ಅದು ಔಷಧದ ಕಲೆ, ಕಾಫಿ, ಟೀ ಕುಡಿದರೆ ಇನ್ನೂ ಹೆಚ್ಚು. ಶೇ. 0.2ರದ್ದಾದರೆ 10 ಎಂ.ಎಲ್., ದಿನಕ್ಕೆರಡು ಸಲ, ಒಂದು ನಿಮಿಷ. ಬೇರೆ ಸೂಚನೆ ಇಲ್ಲದಿದ್ದರೆ ಎರಡು ವಾರಕ್ಕೆ ನಿಲ್ಲಿಸಿ. ಪೇಸ್ಟಿನ ನೊರೆ ಅದರ ಶಕ್ತಿ ಕುಂದಿಸುವುದರಿಂದ ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಬಳಸಬೇಕು. ಕಲೆ ಪಾಲಿಷ್ ಮಾಡಿದರೆ ಹೋಗುತ್ತದೆ.